ಹಸೆ ಚಿತ್ತಾರದಲ್ಲಿ ಬರುವ ಗುರುತುಗಳಿಗೆ ಏನರ್ಥ? ಬಣ್ಣ ಹೇಗೆ ಮಾಡ್ತಾರೆ?

ಹಸೆ ಚಿತ್ತಾರ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಭಾಗದ ದೀವರು ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯಲ್ಲಿ ವಧು-ವರರನ್ನು ಹಸೆಗೆ, ಅಂದರೆ ಮದುವೆಯ ಶಾಸ್ತ್ರಕ್ಕೆ, ಕೂರಿಸುವ ಜಾಗದ ಗೋಡೆಯ ಮೇಲೆ ಇದನ್ನು ಬರೆಯುತ್ತಾರೆ. ಹಾಗಾಗಿ ಅರ್ಥವನ್ನೂ ಮದುವೆಯಿಂದಲೇ ಹುಡುಕಬೇಕು. ನಡುವೆ ದಂಡಿಗೆ (ಪಲ್ಲಕ್ಕಿ), ಅದರಲ್ಲಿ ತ್ರಿಕೋನಗಳಲ್ಲೇ ಮೂಡಿದ ಗಂಡು-ಹೆಣ್ಣು. ಮುಖ, ಕಣ್ಣು ಬಿಡಿಸುವುದಿಲ್ಲ. ಅವರು ಇಂಥವರೇ ಎಂದೇನಿಲ್ಲ, ಯಾವ ಜೋಡಿಯೂ ಆಗಬಹುದು. ಸುತ್ತ ಹಲವು ಎಳೆಗಳ (ಗೆರೆಗಳ) ಚೌಕಟ್ಟು, ಮೂಲೆಗಳಲ್ಲಿ ಆರತಿ. ಭತ್ತದ ಸಸಿ, ಹಕ್ಕಿಗಳು ಬಂದರೆ ಅದು ಬೆಳೆ ಮತ್ತು ಸಂತಾನದ ಹಾರೈಕೆ.

ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಿ ಪೂರ್ತಿ ಒಣಗಿಸಬೇಕು. ಹಸಿ ಇದ್ದರೆ ಬಿಳಿ ಎಳೆ ಹರಡಿ ಕೆಂಪಾಗುತ್ತದೆ. ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಹಿಟ್ಟು, ಕಪ್ಪಿಗೆ ಕರ್ರಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಎಂಬ ಮರದ ಕಾಯಿ. ಕುಂಚ ಪುಂಡಿ ಗಿಡದ ನಾರಿನದು. ಹೆಚ್ಚಿನವರು ಎಡವುವುದು ಅರೆಯುವಲ್ಲಿ: ತರಿ ಉಳಿದರೆ ನಾರಿಗೆ ಸಿಕ್ಕಿ ಎಳೆ ತುಂಡಾಗುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಹಿಟ್ಟು ತೀರಾ ಗಟ್ಟಿಯಾದರೆ ಒಣಗಿದ ಮೇಲೆ ಚಕ್ಕೆ ಏಳುತ್ತದೆ, ನೀರಾದರೆ ಕೆಳಗೆ ಇಳಿಯುತ್ತದೆ.

ಇನ್ನು ಎಳೆಗಳ ನಡುವಿನ ಅಂತರ ಒಂದೇ ಸಮ ಇರಬೇಕು. ಚಿತ್ತಾರದ ಅಂದವೆಲ್ಲ ಅಲ್ಲಿದೆ, ಅದಕ್ಕೇ ನುರಿತವರು ಮೊದಲು ಹೊರ ಚೌಕಟ್ಟು ಹಾಕಿಕೊಂಡು ಒಳಗೆ ಬರುತ್ತಾರೆ. ಇದೇ ಕೈಗಳು ಹೊಲಗದ್ದೆಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ, ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತವೆ. ಅಲ್ಲಿ ದಂಡಿಗೆಗಿಂತ ಪೈರಿಗೇ ಹೆಚ್ಚು ಜಾಗ.