ಸಾಧನೆಯ ದಾರಿಯಲ್ಲಿ ಗೆಳೆತನ ತೊಡಕೇ?

ಆಶ್ರಮ ಸೇರಿದವರು ಅಲ್ಲಿ ಒಬ್ಬಿಬ್ಬರೊಡನೆ ಆಪ್ತ ಗೆಳೆತನ ಬೆಳೆಸಿಕೊಂಡರೆ ಅದು ಮತ್ತೊಂದು ಮೋಹವಾಗುವುದಿಲ್ಲವೇ, ಗುರುವೂ ದೇವರೂ ಇದ್ದರೆ ಸಾಲದೇ ಎಂದು ತಾವು ಕೇಳಿದ್ದೀರಿ. ವಿಜಯಪುರದ ವಚನ ಚಿಂತನೆಯ ಬಳಗವೊಂದರಲ್ಲಿ ಹಲವು ವರ್ಷಗಳಿಂದ ಕೂಡುತ್ತ ಬಂದಿರುವ ನನಗೆ, ಸಾಲದು ಎಂದೇ ಅನಿಸುತ್ತದೆ.

ಬಸವಣ್ಣನವರ ಬದುಕನ್ನೇ ನೋಡಿ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬೆಳೆದ ಅವರಿಗೆ ಅಲ್ಲಿ ಗುರುಗಳಿದ್ದರು, ಮುಂದೆ ವಚನಗಳ ಅಂಕಿತವೇ ಆದ ಸಂಗಮನಾಥನಿದ್ದ, ಬೇಕಾದಷ್ಟು ಏಕಾಂತವೂ ಇತ್ತು. ಆದರೂ ಅವರ ಅನುಭಾವ ಮಾಗಿದ್ದು ಕಲ್ಯಾಣದಲ್ಲಿ, ಅಲ್ಲಮಪ್ರಭು, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯನಂಥವರ ಒಡನಾಟದಲ್ಲಿ. ಭಕ್ತನನ್ನು ಕಾಯುವ ಎಂಟು ರಕ್ಷೆಗಳೆಂದು ಲಿಂಗಾಯತರು ನಂಬುವ ಅಷ್ಟಾವರಣದಲ್ಲಿ ಗುರು, ಲಿಂಗಗಳ ಜೊತೆಗೆ ಜಂಗಮಕ್ಕೂ, ಅಂದರೆ ಊರೂರು ಸಂಚರಿಸುವ ಶಿವಶರಣರಿಗೂ, ಸ್ಥಾನ ಕೊಟ್ಟಿರುವುದನ್ನು ನಾನು ಈ ಬೆಳಕಿನಲ್ಲೇ ಅರ್ಥಮಾಡಿಕೊಂಡಿದ್ದೇನೆ.

ಒಡನಾಟ ಏನು ಮಾಡುತ್ತದೆ ಎಂಬುದಕ್ಕೆ ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಕೆಯ ಗಂಡ ಮಾರಯ್ಯ ಒಮ್ಮೆ ನಿತ್ಯದ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇದು ಆಸೆಯಲ್ಲದೆ ಬೇರೇನೂ ಅಲ್ಲವೆಂದು ಹೇಳಿ, ತಂದಲ್ಲಿಯೇ ಸುರಿದು ಬರುವಂತೆ ಆಕೆ ಕಳಿಸುತ್ತಾಳೆ. ಇನ್ನೊಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತವನಿಗೆ ಕಾಯಕ ನಿಂತುಹೋಗಿದೆ ಎಂದು ನೆನಪಿಸುತ್ತಾಳೆ. ಅವರು ಗಂಡಹೆಂಡಿರು, ನಿಜ. ಆದರೆ ಆ ಮಾತಿನಲ್ಲಿರುವುದು ಒಂದೇ ದಾರಿ ಹಿಡಿದವರ ಸಲುಗೆ. ಎಷ್ಟೋ ಸಲ ಗುರುವಿಗೂ ಈ ಕೆಲಸ ಸಾಧ್ಯವಾಗುವುದಿಲ್ಲ, ಏಕೆಂದರೆ ಗುರುವಿನ ಎದುರು ನಾವು ಭಕ್ತಿಯಿಂದ ಕೈಮುಗಿದು, ನಮ್ಮನ್ನು ಸಾವರಿಸಿಕೊಂಡೇ ನಿಂತಿರುತ್ತೇವೆ. ದಾಸೋಹದ ಮನೆಯಲ್ಲಿ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯುವವರಿಗೆ, ಪಾತ್ರೆ ತಿಕ್ಕುವವರಿಗೆ ಮಾತ್ರ ನಮ್ಮ ಸಿಡುಕು, ಸೋಮಾರಿತನ, ಹೊಗಳಿಕೆಯ ಹಸಿವು ಇದ್ದ ಹಾಗೆಯೇ ಕಾಣುತ್ತವೆ. ಕಂಡೂ ಬಿಟ್ಟುಹೋಗದೆ, ಏಕಾಂತದಲ್ಲಿ ಕರೆದು ತಿಳಿಹೇಳುವವರು ಸಿಕ್ಕರೆ ಅದನ್ನು ನಾನು ಕೃಪೆಯೆಂದೇ ತಿಳಿಯುತ್ತೇನೆ.

ಆದರೂ ತಮ್ಮ ಆತಂಕ ಸುಳ್ಳಲ್ಲ. ಇಬ್ಬರ ಗೆಳೆತನ ಗುಂಪಾಗಿ, ಉಳಿದವರ ಮೇಲಿನ ದೂರುಗಳಿಂದಲೇ ಅದು ಬದುಕತೊಡಗಿದರೆ ಇಡೀ ಸಮುದಾಯ ಒಡೆಯುತ್ತದೆ. ಗೆಳೆಯರೊಡನೆ ಮಾತನಾಡಿ ಎದ್ದಾಗ ಅಲ್ಲಿಲ್ಲದ ಮೂರನೆಯವರ ಮೇಲಿನ ಗೌರವ ಹೆಚ್ಚಿದೆಯೋ ಕುಗ್ಗಿದೆಯೋ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ನಮ್ಮ ಬಳಗದ ಹಿರಿಯರೊಬ್ಬರು ನನಗೆ ಕಲಿಸಿದರು. ಮೋಹಕ್ಕೂ ಸ್ನೇಹಕ್ಕೂ ಇರುವ ಅಂತರ ನನಗೆ ಅಲ್ಲಿಯೇ ಸ್ಪಷ್ಟವಾಗುತ್ತದೆ.

ಆದ್ದರಿಂದ ಆಶ್ರಮವನ್ನು ಆರಿಸಿಕೊಳ್ಳುವ ಮೊದಲು ಪ್ರವಚನವನ್ನಷ್ಟೇ ಕೇಳಿ ಬರಬೇಡಿ. ಕೆಲವು ದಿನ ಅಲ್ಲಿಯೇ ಉಳಿದು, ಅಡುಗೆಮನೆಯಲ್ಲಿ ಕೈಜೋಡಿಸಿ, ಕಿರಿಯರು ತಪ್ಪಿದಾಗ ಹಿರಿಯರು ಹೇಗೆ ತಿದ್ದುತ್ತಾರೆ, ಹಿರಿಯರು ತಪ್ಪಿದಾಗ ಕಿರಿಯರಿಗೆ ಹೇಳುವ ಧೈರ್ಯವಿದೆಯೇ ಎಂಬುದನ್ನು ಗಮನಿಸಿ ನಿರ್ಧರಿಸಿ.