ರಾಜನ ಸಿನಿಮಾ ನೋಡಿದ ಮೇಲೆ ಮಗ ಮಾತೇ ಬಿಟ್ಟಿದ್ದಾನೆ

ಪ್ರಶ್ನೆ: ಪಿಯುಸಿ ಓದುವ ನನ್ನ ಮಗನಿಗೆ ಚಿಕ್ಕಂದಿನಿಂದ ಉಗ್ಗು ಇದೆ. ಈಚೆಗೆ ಎಲ್ಲರೂ ಕೂತು, ಉಗ್ಗು ಇದ್ದ ಬ್ರಿಟನ್ ರಾಜ ಆರನೇ ಜಾರ್ಜ್ ಕಥೆಯ ‘ದಿ ಕಿಂಗ್ಸ್ ಸ್ಪೀಚ್’ ಸಿನಿಮಾ ನೋಡಿದೆವು. ಅವತ್ತಿನಿಂದ ಯಜಮಾನರು ‘ರಾಜನೇ ಗೆದ್ದ, ನಿನಗೇನು ಕಷ್ಟ?’ ಅಂತ ದಿನಾ ರಾತ್ರಿ ಪೇಪರ್ ಜೋರಾಗಿ ಓದಿಸುತ್ತಾರೆ. ಮಗ ಈಗ ನಮ್ಮ ಜೊತೆ ಊಟಕ್ಕೂ ಕೂರುವುದಿಲ್ಲ. ನಾನು ಯಾರ ಪರ ನಿಲ್ಲಲಿ?

ಉತ್ತರ: ಮಗನ ಪರ ನಿಲ್ಲಿ. ಪೇಪರ್ ಓದಿಸುವುದು ಇವತ್ತೇ ನಿಲ್ಲಲಿ.

ಅದೇ ಸಿನಿಮಾದಲ್ಲಿ ಅಪ್ಪ ಐದನೇ ಜಾರ್ಜ್ ಮಗನನ್ನು ಮೈಕಿನ ಮುಂದೆ ಕೂರಿಸಿ, ಓದು ಓದು ಅಂತ ಗದರುವ ದೃಶ್ಯ ಇದೆಯಲ್ಲ, ನೆನಪಿದೆಯಾ? ಗದರಿದಷ್ಟೂ ಮಗನ ಗಂಟಲು ಕಟ್ಟುತ್ತದೆ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ. ಯಜಮಾನರಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವರ ಮನಸ್ಸಲ್ಲಿ ಸಿನಿಮಾದ ಕೊನೆಯಲ್ಲಿ ರಾಜ ಮಾಡುವ ಭಾಷಣ ಮಾತ್ರ ಉಳಿದಿದೆ.

ಮಗ ಇಲ್ಲದ ಹೊತ್ತಲ್ಲಿ ಅವರಿಗೆ ನಿಜವಾದ ಕಥೆ ಹೇಳಿ. ಆರನೇ ಜಾರ್ಜ್ ತನ್ನ ಸ್ಪೀಚ್ ಥೆರಪಿಸ್ಟ್ ಲಯೊನೆಲ್ ಲೋಗ್ ಹತ್ತಿರ ಮೊದಲು ಹೋಗಿದ್ದು 1926ರಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗಿನ ಆ ರೇಡಿಯೊ ಭಾಷಣ 1939ರದ್ದು. ನಡುವೆ 13 ವರ್ಷ. ಅವತ್ತೂ ಲೋಗ್ ಜೊತೆಗಿದ್ದರು. ಭಾಷಣದ ಪ್ರತಿ ಹಿಡಿದು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗುರುತು ಹಾಕುತ್ತಿದ್ದರು, ನಾಲಿಗೆಗೆ ತೊಡಕಾಗುವ ಪದ ತೆಗೆದು ಬೇರೆ ಪದ ಹಾಕುತ್ತಿದ್ದರು. ಇಷ್ಟೆಲ್ಲ ಆದರೂ ರಾಜನ ಉಗ್ಗು ಪೂರ್ತಿ ಹೋಗಲಿಲ್ಲ. ಅದನ್ನಿಟ್ಟುಕೊಂಡೇ ಮಾತಾಡಿದ. ನಿಮ್ಮ ಮಗನ ಹತ್ತಿರ ಒಂದೇ ತಿಂಗಳಲ್ಲಿ ಇದಕ್ಕಿಂತ ಜಾಸ್ತಿ ಕೇಳುವುದು ನ್ಯಾಯ ಅಲ್ಲ, ಅಲ್ವಾ?

ಇನ್ನು ಮನೆಯ ವಿಷಯ. ಅವನು ತಡವರಿಸಿದಾಗ ಮಾತು ನೀವು ಪೂರ್ತಿ ಮಾಡಬೇಡಿ. ‘ನಿಧಾನ, ನಿಧಾನ’ ಅನ್ನುವುದೂ ಬೇಡ. ಪ್ರೀತಿಯಿಂದ ಹೇಳಿದರೂ ಎಲ್ಲರೂ ತನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಅಂತ ಅವನಿಗೆ ಅನಿಸುತ್ತದೆ. ಸುಮ್ನೆ ಮುಖ ನೋಡಿಕೊಂಡು ಕಾಯಿರಿ. ಅವನು ಏನು ಹೇಳುತ್ತಿದ್ದಾನೆ ಅನ್ನುವುದಕ್ಕೆ ಉತ್ತರ ಕೊಡಿ. ನಾಲಿಗೆಗೆ ಬಜೆ ತಿಕ್ಕಿ ಅನ್ನುವ ನೆಂಟರನ್ನು ನೀವೇ ತಡೆಯಿರಿ, ಆ ಕೆಲಸ ಅವನ ತಲೆಗೆ ಕಟ್ಟಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಉಗ್ಗಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ, ದೊಡ್ಡವರಿಗೂ. ನಿಮ್ಮೂರಿಗೆ ಅದು ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರಾ ಅಂತ ವಿಚಾರಿಸಿ. ಆದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬಂದು ‘ನಾಳೆ ಹೊರಡು’ ಅನ್ನಬೇಡಿ. ಹೋಗೋಣವಾ ಅಂತ ಕೇಳಿ. ಈಗ ಬೇಡ ಅಂದರೆ ಒತ್ತಾಯ ಮಾಡದೆ ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಹೂಂ ಅಂದರೆ, ಅಪ್ಪ ಜೊತೆಗೆ ಬರಬೇಕಾ ಬೇಡವಾ ಅನ್ನುವುದನ್ನೂ ಅವನೇ ಹೇಳಲಿ.