ಎಕ್ಸ್‌ಪಿ ಪದೇ ಪದೇ ನಿಲ್ಲುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಎಲ್ಲವನ್ನೂ ಹಳೇ ಪೇಜ್‌ಮೇಕರ್ ಮತ್ತು ನುಡಿಯಲ್ಲೇ ಮಾಡುತ್ತೇನೆ. ಹೊಸ ವಿಂಡೋಸ್ 11 ಕಂಪ್ಯೂಟರ್ ತಂದ ಮೇಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನ ರ‍್ಯಾಮ್ 8 ಜಿಬಿ. ಕಡಿಮೆ ಬೀಳಬಾರದು ಅಂತ ಎಕ್ಸ್‌ಪಿಗೆ 4 ಜಿಬಿ, ನಾಲ್ಕು ಪ್ರೊಸೆಸರ್ ಕೊಟ್ಟಿದ್ದೇನೆ. ಆದರೂ ದಿನಕ್ಕೆ ಎರಡು ಮೂರು ಸಲ ಹ್ಯಾಂಗ್ ಆಗುತ್ತದೆ. ಒಮ್ಮೊಮ್ಮೆ ನೀಲಿ ಪರದೆ ಬರುತ್ತದೆ. ಎರಡು ಸಲ ಎಕ್ಸ್‌ಪಿ ಹೊಸದಾಗಿ ಹಾಕಿ ನೋಡಿದೆ, ಮತ್ತೆ ಅದೇ ಕಥೆ. ಡಿಸ್ಕೂ ತುಂಬುತ್ತಾ ಬಂದಿದೆ. ಲಗ್ನದ ಸೀಸನ್ ಶುರುವಾಗಿದೆ. ದಾರಿ ತೋರಿಸಿ.

ಉತ್ತರ: ಬೇರೆ ಏನನ್ನೂ ಮುಟ್ಟುವ ಮೊದಲು ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ, ವರ್ಚುವಲ್‌ಬಾಕ್ಸಿನಲ್ಲಿರುವ ಆ ಮಷೀನಿನ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ನಿಮ್ಮ ಗಿರಾಕಿಗಳ ಕೆಲಸವೆಲ್ಲ ಅದರೊಳಗಿದೆ. ಮುಂದಿನದನ್ನು ಆಮೇಲೆ ಓದಿ.

ಇನ್ನೊಮ್ಮೆ ಎಕ್ಸ್‌ಪಿ ಹಾಕಬೇಡಿ. ಅದು ನಿಮ್ಮ ಮನೆಯಲ್ಲಿ ಬಾಡಿಗೆಗಿದೆ. ಮನೆಗೆ ನೀರೇ ಬಾರದಿದ್ದರೆ ಬಾಡಿಗೆಯವರನ್ನು ಬದಲಿಸಿ ಏನು ಬಂತು? ನನ್ನ ಅನುಭವದಲ್ಲಿ ಇಂಥ ತೊಂದರೆ ಜಾಸ್ತಿ ಹೊರಗಿನ ವಿಂಡೋಸ್‌ನಲ್ಲೇ ಇರುತ್ತದೆ.

ನೀವು ಧಾರಾಳವಾಗಿ ಕೊಟ್ಟದ್ದೇ ಇಲ್ಲಿ ಮುಳುವಾಗಿರಬಹುದು. ವಿಂಡೋಸ್ 11 ತಾನು ನಡೆಯಲಿಕ್ಕೇ ಕನಿಷ್ಠ 4 ಜಿಬಿ ಕೇಳುತ್ತದೆ. ಅದರ ಮೇಲೆ ಬ್ರೌಸರ್, ವಾಟ್ಸ್‌ಆ್ಯಪ್ ತೆರೆದಿರುತ್ತೀರಿ, ಅಲ್ವಾ? ರ‍್ಯಾಮ್ ಸಾಲದೆ ಎಲ್ಲವೂ ಡಿಸ್ಕಿಗೆ ಹೋಗಿ ಬರತೊಡಗಿದರೆ ಎಕ್ಸ್‌ಪಿ ನಿಂತೇ ಹೋದಂತೆ ಕಾಣುತ್ತದೆ. 2001ರಲ್ಲಿ ಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಹೇಳಿದ್ದು ಬರೀ 128 ಎಂಬಿ. ನಿಮ್ಮ ಕೆಲಸಕ್ಕೆ 1 ಜಿಬಿ ರ‍್ಯಾಮ್, ಒಂದೇ ಪ್ರೊಸೆಸರ್ ಧಾರಾಳ ಸಾಕು. 3ಡಿ ಆ್ಯಕ್ಸಲರೇಶನ್ ಕೂಡ ತೆಗೆದುಬಿಡಿ. ಪೇಜ್‌ಮೇಕರಿಗೆ ಅದು ಬೇಕಿಲ್ಲ.

ಆಮೇಲೆ ಎಕ್ಸ್‌ಪಿ ಕಿಟಕಿಯ ಕೆಳಗೆ ಬಲಮೂಲೆ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರ ಇದೆಯೇ? ಇದ್ದರೆ ವಿಂಡೋಸಿನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಮೊದಲೇ ಪ್ರೊಸೆಸರನ್ನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತು ಹಾಕಿ ನಡೆಯುತ್ತಿದೆ ಅಂತ ಅರ್ಥ. ನೀವು ಅದನ್ನು ಆನ್ ಮಾಡಿರಲಿಕ್ಕಿಲ್ಲ. ಎಷ್ಟೋ ಹೊಸ ಕಂಪ್ಯೂಟರ್‌ಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಇವುಗಳ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಆಮೆ ಆಗಲೂ ಹೋಗದಿದ್ದರೆ ಕೋರ್ ಐಸೋಲೇಶನ್‌ನಲ್ಲಿರುವ ಮೆಮೊರಿ ಇಂಟೆಗ್ರಿಟಿಯನ್ನು ಆಫ್ ಮಾಡಬೇಕಾಗುತ್ತದೆ. ಅದು ಕಂಪ್ಯೂಟರನ್ನು ಕಾಯುವ ವ್ಯವಸ್ಥೆ. ಹಾಗಾಗಿ ಅದನ್ನು ಕೊನೆಗೆ ಮಾತ್ರ ಮುಟ್ಟಿ.

ಡಿಸ್ಕ್ ವಿಷಯ ನನಗೆ ಮನಸ್ಸಿಗೆ ತಟ್ಟಿದ್ದು. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ನಮ್ಮ ಮನೆಯ ಕಂಪ್ಯೂಟರಿನಲ್ಲೂ ಹೀಗೇ ಜಾಗ ತುಂಬಿತ್ತು. ಸ್ನ್ಯಾಪ್‌ಶಾಟ್ (ಮಷೀನಿನ ಆಯಾ ಹೊತ್ತಿನ ಸ್ಥಿತಿಯನ್ನು ಉಳಿಸಿಡುವುದು) ಫೋಲ್ಡರ್ ಬಹಳ ದೊಡ್ಡದಾಗಿದೆ ಅಂತ ಅದರೊಳಗಿನ ಫೈಲ್‌ಗಳನ್ನು ನಾನೇ ಡಿಲೀಟ್ ಮಾಡಿದೆ. ಮಷೀನ್ ಮತ್ತೆ ಏಳಲೇ ಇಲ್ಲ. ಮೊದಲ ಸ್ನ್ಯಾಪ್‌ಶಾಟ್ ತೆಗೆದ ಮೇಲಿನ ಬದಲಾವಣೆಗಳೆಲ್ಲ ಅದೇ ಫೈಲ್‌ಗಳಲ್ಲಿ ಇರುತ್ತವೆ. ಅಪ್ಪ ನುಡಿಯಲ್ಲಿ ಟೈಪ್ ಮಾಡಿದ್ದ ನಲವತ್ತು ಪುಟ ಹೋಯಿತು. ಅವರು ಒಂದು ಮಾತೂ ಆಡದೆ ಮತ್ತೆ ಮೊದಲಿನಿಂದ ಕೂತರು. ನೀವು ಹಾಗೆ ಮಾಡಬೇಡಿ. ಮೊದಲು ಬೇರೆ ಫೈಲ್‌ಗಳನ್ನು ಸರಿಸಿ ಜಾಗ ಮಾಡಿಕೊಳ್ಳಿ. ನಂತರ ವರ್ಚುವಲ್‌ಬಾಕ್ಸಿನ ಸ್ನ್ಯಾಪ್‌ಶಾಟ್ ಪಟ್ಟಿಯಿಂದಲೇ ಒಂದೊಂದಾಗಿ ಡಿಲೀಟ್ ಮಾಡಿ. ಆಗ ಅದು ಬದಲಾವಣೆಗಳನ್ನು ಕೂಡಿಸಿ ಇಡುತ್ತದೆ. ಹಾಗೆ ಕೂಡಿಸಲಿಕ್ಕೂ ಸ್ವಲ್ಪ ಹೊತ್ತಿನ ಮಟ್ಟಿಗೆ ಖಾಲಿ ಜಾಗ ಬೇಕು.

ನೀಲಿ ಪರದೆ ಬಂದಾಗ ಅದರ ನಂಬರ್ ಬರೆದುಕೊಳ್ಳಿ, ಸುಮ್ನೆ ರೀಸೆಟ್ ಒತ್ತಬೇಡಿ. 0x0000007B ಅಂತಿದ್ದರೆ ಎಕ್ಸ್‌ಪಿಯ ಡಿಸ್ಕ್ ವರ್ಚುವಲ್‌ಬಾಕ್ಸಿನಲ್ಲಿ ಸಾಟಾದಲ್ಲಿದೆಯೇ ನೋಡಿ, ಐಡಿಇಗೆ ಬದಲಿಸಿ (ಎರಡೂ ಡಿಸ್ಕ್ ಜೋಡಿಸುವ ಬಗೆಗಳು). ಪ್ರತಿ ಸಲ ಬೇರೆ ಬೇರೆ ನಂಬರ್ ಬಂದರೆ ಕಂಪ್ಯೂಟರಿನ ರ‍್ಯಾಮೇ ಕೆಟ್ಟಿರಬಹುದು. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ನೋಡಿ.

ಇನ್ನೊಂದು ಮಾತು. ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ರಂದು. ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಫೈಲ್ ಸಾಗಿಸಲು ಶೇರ್ಡ್ ಫೋಲ್ಡರ್ ಸಾಕು.

ಇಷ್ಟಾದರೂ ನಿಂತರೆ, ಪಟ್ಟಿಯಲ್ಲಿ ಮಷೀನಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಲಾಗ್' ತೆರೆಯಿರಿ. ಕೊನೆಯ ಐವತ್ತು ಸಾಲುಗಳನ್ನು ನೀಲಿ ಪರದೆಯ ನಂಬರ್ ಜೊತೆಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದಿನ ಸಂಚಿಕೆಯವರೆಗೆ ಕಾಯಿಸುವುದಿಲ್ಲ, ನೇರವಾಗಿ ನಿಮಗೇ ಬರೆಯುತ್ತೇನೆ.